ಕೀಲಿಕೈಗಳ ಎಣಿಕೆ ಬೀಗದ ಬಲವಲ್ಲ

ಗುಟ್ಟಿನ ಸಂದೇಶಗಳ ಬಗ್ಗೆ ಚೆನ್ನಾಗಿ ಓದಿಕೊಂಡವರಲ್ಲೂ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ: ಕೀಲಿಕೈಗಳ ಸಂಖ್ಯೆ ದೊಡ್ಡದಾದಷ್ಟೂ ಗುಟ್ಟು ಭದ್ರ. ಹಣಕಾಸಿನ ಆ್ಯಪ್‌ಗಳ ಜಾಹೀರಾತಿನಲ್ಲಿ ಕಾಣುವ ‘256 ಬಿಟ್ ಭದ್ರತೆ’ ಎಂಬ ಮಾತು ನಿಂತಿರುವುದೂ ಇದೇ ನಂಬಿಕೆಯ ಮೇಲೆ. ಕೆನರಾ ಬ್ಯಾಂಕ್ (1906), ಕರ್ಣಾಟಕ ಬ್ಯಾಂಕ್ (1924), ವಿಜಯಾ ಬ್ಯಾಂಕ್ (1931) ಹುಟ್ಟಿದ ಮಂಗಳೂರಿನಲ್ಲಿ, ಲೆಕ್ಕ ಮತ್ತು ನಂಬಿಕೆ ಎರಡನ್ನೂ ಬದುಕಿನ ಕಸುಬಾಗಿಸಿಕೊಂಡ ಮನೆಗಳು ಬೇಕಾದಷ್ಟಿವೆ. ಹಾಗಾಗಿ ಈ ಪ್ರಶ್ನೆ ನಮಗೆ ದೂರದ್ದಲ್ಲ. ಈ ನಂಬಿಕೆಯ ಬೆನ್ನಿಗೆ ಇನ್ನೊಂದು ಕಥೆಯೂ ಅಂಟಿಕೊಂಡಿದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಎನಿಗ್ಮಾ ಯಂತ್ರಕ್ಕೆ ಎಣಿಸಲಾಗದಷ್ಟು ಕೀಲಿಕೈಗಳಿದ್ದವು, ಆದರೆ ಆಲನ್ ಟ್ಯೂರಿಂಗ್ ಎಂಬ ಅಸಾಮಾನ್ಯ ಪ್ರತಿಭೆಯ ಗಣಿತಜ್ಞ ಕಟ್ಟಿದ ಯಂತ್ರ ಅವನ್ನೆಲ್ಲ ಒಂದೊಂದಾಗಿ ಹಾಕಿ ನೋಡಿ ಗುಟ್ಟನ್ನು ರಟ್ಟು ಮಾಡಿತು ಎಂಬುದೇ ಆ ಕಥೆ. ಕಥೆ ನಂಬಿಕೆಯನ್ನು ಪೋಷಿಸುತ್ತದೆ: ಅಂದಿನ ಯಂತ್ರ ಅಷ್ಟನ್ನು ಪರೀಕ್ಷಿಸಿತು, ಇಂದಿನ ಸಂಖ್ಯೆ ಅದಕ್ಕಿಂತ ದೊಡ್ಡದು, ಆದ್ದರಿಂದ ನಾವು ಸುರಕ್ಷಿತರು. ಕಥೆಯೂ ತಪ್ಪು, ಅದರಿಂದ ತೆಗೆದ ನಿರ್ಣಯವೂ ತಪ್ಪು ಎಂದು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಆ ನಂಬಿಕೆಗೆ ಸಲ್ಲಬೇಕಾದ ನ್ಯಾಯ ಸಲ್ಲಲಿ. ರೋಟರ್ ಯಂತ್ರಗಳು ನಿಜಕ್ಕೂ ದೊಡ್ಡ ಆವಿಷ್ಕಾರ. ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ ಅಮೆರಿಕ, ಹಾಲೆಂಡ್, ಸ್ವೀಡನ್, ಜರ್ಮನಿಗಳಲ್ಲಿ ಹಲವರು ಹೆಚ್ಚುಕಡಿಮೆ ಒಂದೇ ಉಪಾಯಕ್ಕೆ ಬಂದರು. ಜರ್ಮನಿಯ ಆರ್ಥರ್ ಶೆರ್ಬಿಯಸ್ 1918ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಯಂತ್ರವೇ ಮುಂದೆ ಎನಿಗ್ಮಾ ಆಯಿತು. ರೋಟರ್ ಎಂದರೆ ಎರಡೂ ಮುಖಗಳಲ್ಲಿ 26 ವಿದ್ಯುತ್ ಸಂಪರ್ಕಗಳಿರುವ ಒಂದು ಗಾಲಿ. ಒಂದು ಮುಖದ ಸಂಪರ್ಕಗಳು ಇನ್ನೊಂದು ಮುಖದವುಗಳಿಗೆ ಅಡ್ಡಾದಿಡ್ಡಿ ತಂತಿಗಳಿಂದ ಜೋಡಣೆಯಾಗಿರುತ್ತವೆ. ಸೈನ್ಯದ ಎನಿಗ್ಮಾದಲ್ಲಿ ಒಂದು ಅಕ್ಷರದ ಗುಂಡಿ ಒತ್ತಿದರೆ ವಿದ್ಯುತ್ತು ಮೊದಲು ಅಕ್ಷರಗಳನ್ನು ಜೋಡಿಯಾಗಿ ಅದಲುಬದಲು ಮಾಡುವ ಪ್ಲಗ್‌ಬೋರ್ಡಿಗೆ, ಅಲ್ಲಿಂದ ಮೂರು ರೋಟರ್‌ಗಳ ಮೂಲಕ ಕೊನೆಯಲ್ಲಿದ್ದ ಪ್ರತಿಫಲಕಕ್ಕೆ, ಅಲ್ಲಿಂದ ಹಿಂತಿರುಗಿ ಬೇರೆ ದಾರಿಯಲ್ಲಿ ಅದೇ ಮೂರು ರೋಟರ್‌ಗಳನ್ನೂ ಪ್ಲಗ್‌ಬೋರ್ಡನ್ನೂ ದಾಟಿ ಒಂದು ದೀಪ ಹೊತ್ತಿಸುತ್ತಿತ್ತು. ಆ ದೀಪದ ಅಕ್ಷರವೇ ಗೂಢಾಕ್ಷರ. ಮುಖ್ಯವಾದ ಸಂಗತಿ, ಪ್ರತಿ ಗುಂಡಿಗೂ ಬಲಗಡೆಯ ರೋಟರ್ ಒಂದು ಮನೆ ಮುಂದಕ್ಕೆ ತಿರುಗುತ್ತಿತ್ತು. ಅದು ಒಂದು ಸುತ್ತು ಮುಗಿಸುವಾಗ ನಡುವಿನದು ಒಂದು ಮನೆ ಸರಿಯುತ್ತಿತ್ತು. ಹಾಗಾಗಿ ಒಂದೇ ಅಕ್ಷರವನ್ನು ಐದು ಸಲ ಒತ್ತಿದರೆ ಐದು ಬೇರೆ ಬೇರೆ ಅಕ್ಷರಗಳು ಬರಬಹುದು. ಜೋಡಣೆಯ ಮಾದರಿ ಮರುಕಳಿಸಲು 16,900 ಅಕ್ಷರಗಳು ಸಾಗಬೇಕಿತ್ತು. ಯಾವ ಸಂದೇಶವೂ ಅಷ್ಟು ಉದ್ದ ಇರುತ್ತಿರಲಿಲ್ಲ.

ಇನ್ನು ಎಣಿಕೆ. ಐದು ರೋಟರ್‌ಗಳಿಂದ ಮೂರನ್ನು ಆರಿಸಿ ಕ್ರಮವಾಗಿ ಕೂರಿಸಲು 60 ಬಗೆ. ಮೂರು ರೋಟರ್‌ಗಳ ಆರಂಭದ ಸ್ಥಾನಗಳು 26ರ ಘನ, ಅಂದರೆ 17,576. ಪ್ಲಗ್‌ಬೋರ್ಡಿನಲ್ಲಿ ಹತ್ತು ತಂತಿಗಳಿಂದ ಇಪ್ಪತ್ತು ಅಕ್ಷರಗಳನ್ನು ಜೋಡಿ ಜೋಡಿಯಾಗಿ ಅದಲುಬದಲು ಮಾಡಲು ಸುಮಾರು 150 ಲಕ್ಷ ಕೋಟಿ ಬಗೆ. ಮೂರನ್ನೂ ಗುಣಿಸಿದರೆ ಬರುವ ಮೊತ್ತ 1ರ ಮುಂದೆ ಇಪ್ಪತ್ತು ಸೊನ್ನೆ ಇಟ್ಟ ಸಂಖ್ಯೆಯ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ಸೆಕೆಂಡಿಗೆ ಒಂದು ಕೋಟಿ ಕೀಲಿಕೈಗಳನ್ನು ಹಾಕಿ ನೋಡಿದರೂ ಎಲ್ಲವನ್ನೂ ಮುಗಿಸಲು ಐದು ಲಕ್ಷ ವರ್ಷ ಬೇಕು. ಜರ್ಮನ್ ಅಧಿಕಾರಿಗಳು ನಂಬಿದ್ದು ಈ ಲೆಕ್ಕವನ್ನೇ. ಯುದ್ಧದ ನಡುವೆ ಜಲಾಂತರ್ಗಾಮಿಗಳು ಅನುಮಾನ ಬರುವಷ್ಟು ಕರಾರುವಾಕ್ಕಾಗಿ ಬೇಟೆಯಾದಾಗ ಅವರು ತನಿಖೆಗಳನ್ನೂ ನಡೆಸಿದರು. ಯಂತ್ರ ಮುರಿದಿರಲು ಸಾಧ್ಯವಿಲ್ಲ ಎಂಬ ತೀರ್ಮಾನಕ್ಕೇ ಮತ್ತೆ ಮತ್ತೆ ಬಂದರು. ಅವರು ದಡ್ಡರಾಗಿರಲಿಲ್ಲ, ಅವರ ಗುಣಾಕಾರದಲ್ಲಿ ತಪ್ಪೂ ಇರಲಿಲ್ಲ. ತಪ್ಪಿದ್ದದ್ದು ಆ ಗುಣಲಬ್ಧ ಯಾವ ಪ್ರಶ್ನೆಗೆ ಉತ್ತರ ಎಂಬುದರಲ್ಲಿ.

ಆ ತಪ್ಪನ್ನು ಕಾಣಲು ಎನಿಗ್ಮಾಕ್ಕಿಂತ ಬಹಳ ಹಳೆಯದಾದ ವಿಧಾನವೊಂದನ್ನು ಪಕ್ಕದಲ್ಲಿಟ್ಟು ನೋಡಬೇಕು. ವರ್ಣಮಾಲೆಯ ಪ್ರತಿ ಅಕ್ಷರಕ್ಕೂ ಸಂದೇಶದುದ್ದಕ್ಕೂ ಒಂದೇ ಬದಲಿ ಅಕ್ಷರ ಬರೆಯುವುದು ಗೂಢಲಿಪಿಗಳಲ್ಲೆಲ್ಲ ತೀರಾ ಸರಳವಾದದ್ದು. ಇಂಗ್ಲಿಷಿನ 26 ಅಕ್ಷರಗಳಿಗೆ ಹೀಗೆ ಬದಲಿ ಗೊತ್ತುಮಾಡುವ ಬಗೆಗಳು 4ರ ಮುಂದೆ 26 ಸೊನ್ನೆ ಇಟ್ಟಷ್ಟು. ಅಂದರೆ ಎನಿಗ್ಮಾದ ಕೀಲಿಕೈಗಳಿಗಿಂತ ಸುಮಾರು 25 ಲಕ್ಷ ಪಟ್ಟು ಹೆಚ್ಚು. ಆದರೂ ಕೆಲವು ಸಾಲುಗಳಷ್ಟು ಉದ್ದದ ಅಂಥ ಸಂದೇಶವನ್ನು ಒಂದು ಪೆನ್ಸಿಲ್ ಹಿಡಿದು, ಸ್ವಲ್ಪ ತಾಳ್ಮೆಯಿಂದ, ಪದಬಂಧ ಬಿಡಿಸುವ ಯಾರೇ ಆದರೂ ಬಿಡಿಸಬಹುದು. ಸಂಖ್ಯೆಯೇ ಭದ್ರತೆಯಾಗಿದ್ದರೆ ಈ ಆಟಿಕೆಯ ಮುಂದೆ ಎನಿಗ್ಮಾ ಏನೂ ಅಲ್ಲ ಎನ್ನಬೇಕಾಗುತ್ತದೆ. ಈ ಒಂದು ಉದಾಹರಣೆಯೇ ನಂಬಿಕೆಯ ಸರಳ ರೂಪವನ್ನು ಕೆಡವಲು ಸಾಕು. ಆದರೆ ಕೆಡವಿದರೆ ಸಾಲದು, ಕಾರಣ ತಿಳಿಯಬೇಕು. ಆಗಾಗ ಬರುವ ಅಕ್ಷರವನ್ನು ನೋಡಿ ಇದು ‘ಇ’ ಇರಬಹುದು ಎಂದು ಊಹಿಸಿದವನಿಗೆ ಉಳಿದ 25 ಅಕ್ಷರಗಳು ಗೊತ್ತಿರಬೇಕಾಗಿಲ್ಲ. ಕೀಲಿಕೈಯ ಒಂದು ತುಂಡು ಸರಿಯೇ ತಪ್ಪೇ ಎಂಬುದು ಉಳಿದ ತುಂಡುಗಳ ಹಂಗಿಲ್ಲದೆ ತಿಳಿಯುತ್ತದೆ. ಸೂಟ್‌ಕೇಸಿನ ಮೂರು ಅಂಕಿಗಳ ನಂಬರ್ ಬೀಗಕ್ಕೆ ಸಾವಿರ ಸಾಧ್ಯತೆಗಳಿವೆ. ಆದರೆ ಒಂದೊಂದು ಚಕ್ರವೂ ಸರಿಯಾದ ಅಂಕಿಗೆ ಬಂದಾಗ ಬೆರಳಿಗೆ ಸಣ್ಣಗೆ ಕಚ್ಚಿದಂತಾದರೆ ಮೂವತ್ತು ಸಲ ತಿರುಗಿಸುವುದರೊಳಗೆ ಬೀಗ ತೆರೆಯುತ್ತದೆ. ಅಲ್ಲಿ 10 ಮತ್ತು 10 ಮತ್ತು 10 ಗುಣಿಸುವುದಿಲ್ಲ, ಕೂಡುತ್ತವೆ. ಗುಣಾಕಾರ ಕೂಡುಲೆಕ್ಕವಾಗುವ ಈ ಜಾಗವೇ ಗೂಢಲಿಪಿಯ ಮರ್ಮಸ್ಥಾನ. ನನ್ನ ವಾದವೆಲ್ಲ ಇಷ್ಟೇ: ಬೀಗದ ಬಲ ಇರುವುದು ಕೀಲಿಕೈಗಳ ಎಣಿಕೆಯಲ್ಲಲ್ಲ, ಕೀಲಿಕೈಯನ್ನು ತುಂಡು ತುಂಡಾಗಿ ಪರೀಕ್ಷಿಸಲು ಆಗದಂತೆ ಹೆಣೆಯುವುದರಲ್ಲಿ.

ಈ ಗೊಂದಲದ ಇನ್ನೊಂದು ಮುಖ ಕನ್ನಡದಲ್ಲೇ ಇದೆ. ಕುಮುದೇಂದು ಮುನಿಯ ‘ಸಿರಿಭೂವಲಯ’ ಅಕ್ಷರಗಳ ಬದಲು 1ರಿಂದ 64ರವರೆಗಿನ ಅಂಕಿಗಳನ್ನು 27 ಅಡ್ಡ, 27 ಉದ್ದದ 729 ಮನೆಗಳ ಚಕ್ರಗಳಲ್ಲಿ ತುಂಬಿದ ಕೃತಿ. ಯಲ್ಲಪ್ಪ ಶಾಸ್ತ್ರಿ, ಕರ್ಲಮಂಗಲಂ ಶ್ರೀಕಂಠಯ್ಯ ಮೊದಲಾದವರ ಶ್ರಮದಿಂದ ಅದು 1953ರಲ್ಲಿ ಅಚ್ಚಿಗೆ ಬಂತು. ಕವಿಯ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಗೂಢಲಿಪಿಯ ಎರಡು ಮೂಲ ತಂತ್ರಗಳೂ ಅದರಲ್ಲಿವೆ: ಅಕ್ಷರಕ್ಕೆ ಅಂಕಿಯ ಬದಲಿಕೆ ಒಂದು, ಮನೆಗಳನ್ನು ಯಾವ ಕ್ರಮದಲ್ಲಿ ಓದಬೇಕೆಂಬ ‘ಬಂಧ’ ಇನ್ನೊಂದು. ಗೊತ್ತಾದ ಬಂಧದಂತೆ ಓದಿದಾಗ ಕನ್ನಡ ಸಾಂಗತ್ಯದ ಪದ್ಯ ಹೊರಡುತ್ತದೆ. ಬೇರೆ ಕ್ರಮದಲ್ಲಿ ಓದಿದರೆ ಛಂದಸ್ಸೂ ಅರ್ಥವೂ ಕೆಡುತ್ತವೆ. ಅದು ಒಳ್ಳೆಯ ಸಾಕ್ಷ್ಯ, ಏಕೆಂದರೆ ತಪ್ಪು ಕೀಲಿಕೈ ಅಲ್ಲಿ ತಪ್ಪೆಂದು ತೋರುತ್ತದೆ. ಆದರೆ 729 ಮನೆಗಳನ್ನು ಓದುವ ಕ್ರಮಗಳು ಲೆಕ್ಕಕ್ಕೆ ಸಿಗದಷ್ಟಿವೆ, ಆದ್ದರಿಂದ ಅದರಲ್ಲಿ ಎಲ್ಲ ಭಾಷೆಗಳೂ ಎಲ್ಲ ಶಾಸ್ತ್ರಗಳೂ ಅಡಗಿವೆ ಎಂಬ ವಾದಕ್ಕೆ ಆ ಸಾಕ್ಷ್ಯದ ಬಲವಿಲ್ಲ. ಕ್ರಮವನ್ನು ಮನಬಂದಂತೆ ಆರಿಸುವ ಸ್ವಾತಂತ್ರ್ಯ ಇದ್ದವನಿಗೆ ಯಾವ ಅಂಕಿರಾಶಿಯಲ್ಲಾದರೂ ಬೇಕಾದ ಸಾಲು ಸಿಗುತ್ತದೆ. ಗಣಿತಜ್ಞ ಕ್ಲಾಡ್ ಶಾನನ್ 1949ರ ತಮ್ಮ ಪ್ರಬಂಧದಲ್ಲಿ ಇದಕ್ಕೆ ಗಣಿತದ ರೂಪ ಕೊಟ್ಟರು: ಪಠ್ಯದ ಉದ್ದಕ್ಕೆ ಹೋಲಿಸಿದರೆ ಕೀಲಿಕೈಗಳು ಅತಿಯಾಗಿದ್ದಾಗ ಅರ್ಥವುಳ್ಳ ಓದುಗಳು ಹಲವು ಬರುತ್ತವೆ, ನಿಜವಾದದ್ದು ಯಾವುದೆಂದು ಹೇಳಲು ದಾರಿಯೇ ಇರುವುದಿಲ್ಲ. ದೊಡ್ಡ ಸಂಖ್ಯೆ ಭದ್ರತೆಯ ಪುರಾವೆ ಅಲ್ಲದಂತೆಯೇ ಅರ್ಥದ ಪುರಾವೆಯೂ ಅಲ್ಲ. ನಮ್ಮ ಭಾಷೆಯ ಇಂಥ ಅಪೂರ್ವ ಕೃತಿಗೆ ಗೌರವ ಸಲ್ಲುವುದು, ಓದುವ ನಿಯಮವನ್ನು ಮೊದಲೇ ಹೇಳಿ ಆಮೇಲೆ ಓದಿ ತೋರಿಸಿದಾಗ ಮಾತ್ರ.

ಈಗ ಎನಿಗ್ಮಾಕ್ಕೆ ಮರಳೋಣ. ರೋಟರ್‌ಗಳು ತಿರುಗುತ್ತಿದ್ದುದರಿಂದ ಅಕ್ಷರಗಳ ಬಳಕೆಯ ಪ್ರಮಾಣ ನೋಡಿ ಊಹಿಸುವ ಹಳೆಯ ದಾರಿ ಮುಚ್ಚಿಹೋಯಿತು. ಅದು ನಿಜವಾದ ಗೆಲುವು. ಆದರೆ ಕೀಲಿಕೈಯ ತುಂಡುಗಳು ಬೇರೆಯಾಗದಂತೆ ಆಗಲಿಲ್ಲ. ಇದನ್ನು ಮೊದಲು ಕಂಡವರು ಟ್ಯೂರಿಂಗ್ ಅಲ್ಲ, ಪೋಲೆಂಡಿನ ಗಣಿತಜ್ಞ ಮರಿಯನ್ ರೆಯೆವ್‌ಸ್ಕಿ, 1932ರ ಡಿಸೆಂಬರಿನಲ್ಲಿ. ಆಗ ಜರ್ಮನ್ ಸೈನಿಕ ಪ್ರತಿ ಸಂದೇಶಕ್ಕೂ ಮೂರು ಅಕ್ಷರಗಳ ಒಂದು ಸ್ವಂತ ಕೀಲಿಯನ್ನು ಆರಿಸಿ, ಆ ದಿನದ ಸಾಮಾನ್ಯ ಸ್ಥಾನದಲ್ಲಿ ಅದನ್ನು ಎರಡು ಸಲ ಒತ್ತಿ ಕಳಿಸುತ್ತಿದ್ದ. ರೇಡಿಯೊದಲ್ಲಿ ಒಂದೆರಡು ಅಕ್ಷರ ಕೆಟ್ಟರೂ ತೊಂದರೆಯಾಗದಿರಲಿ ಎಂಬ ಮುನ್ನೆಚ್ಚರಿಕೆ ಅದು. ಹಾಗಾಗಿ ಪ್ರತಿ ಸಂದೇಶದ ಮೊದಲ ಮತ್ತು ನಾಲ್ಕನೇ ಗೂಢಾಕ್ಷರಗಳು ಒಂದೇ ಮೂಲ ಅಕ್ಷರದಿಂದ ಬಂದವು. ಒಂದೇ ದಿನದ ಹಲವು ಹತ್ತು ಸಂದೇಶಗಳನ್ನು ಸೇರಿಸಿದರೆ ಮೊದಲ ಸ್ಥಾನದ ಯಾವ ಅಕ್ಷರ ನಾಲ್ಕನೇ ಸ್ಥಾನದ ಯಾವ ಅಕ್ಷರಕ್ಕೆ ಹೋಗುತ್ತದೆ ಎಂಬ ಪಟ್ಟಿ ತುಂಬುತ್ತದೆ. ಆ ಪಟ್ಟಿಯ ಕೊಂಡಿಗಳನ್ನು ಹಿಡಿದು ಹೊರಟರೆ ಸರಪಣಿಗಳು ಹೊರಟಲ್ಲಿಗೇ ಬಂದು ಮುಚ್ಚಿಕೊಳ್ಳುತ್ತವೆ. ರೆಯೆವ್‌ಸ್ಕಿ ಕಂಡುಕೊಂಡ ಪ್ರಮೇಯ ಇದು: ಪ್ಲಗ್‌ಬೋರ್ಡ್ ಅಕ್ಷರಗಳ ಹೆಸರನ್ನಷ್ಟೇ ಬದಲಿಸುತ್ತದೆ, ಸರಪಣಿಗಳು ಎಷ್ಟು, ಒಂದೊಂದೂ ಎಷ್ಟು ಉದ್ದ ಎಂಬುದನ್ನು ಬದಲಿಸಲಾರದು. ಅವು ನಿಂತಿರುವುದು ರೋಟರ್‌ಗಳ ಕ್ರಮ ಮತ್ತು ಸ್ಥಾನದ ಮೇಲೆ ಮಾತ್ರ. ಆಗ ಇದ್ದದ್ದು ಮೂರೇ ರೋಟರ್, ಆರು ಕ್ರಮ. 6ನ್ನು 17,576ರಿಂದ ಗುಣಿಸಿದರೆ 1,05,456. ರೆಯೆವ್‌ಸ್ಕಿ, ಯೆಜಿ ರುಝಿಟ್ಸ್ಕಿ, ಹೆನ್ರಿಕ್ ಝಿಗಾಲ್ಸ್ಕಿ ಮೂವರೂ ಸೇರಿ ಅಷ್ಟು ಸ್ಥಾನಗಳ ಸರಪಣಿಯ ಉದ್ದಗಳನ್ನೂ ಕಾರ್ಡುಗಳಲ್ಲಿ ದಾಖಲಿಸಿದರು. ಮುಗಿಸಲು ಒಂದು ವರ್ಷಕ್ಕೂ ಮೀರಿ ಹಿಡಿಯಿತು, ಮುಗಿದ ಮೇಲೆ ದಿನದ ಕೀಲಿ ಕೆಲವೇ ನಿಮಿಷಗಳ ಕೆಲಸವಾಯಿತು. ಎಣಿಕೆಯ ದೊಡ್ಡ ಪಾಲು ಹೊತ್ತಿದ್ದ ಪ್ಲಗ್‌ಬೋರ್ಡ್ ಲೆಕ್ಕದಿಂದಲೇ ಹೊರಗೆ ಬಿತ್ತು. ಯಾರೂ ಅದನ್ನು ಒಂದೊಂದಾಗಿ ಹಾಕಿ ನೋಡಲಿಲ್ಲ.

ಟ್ಯೂರಿಂಗ್ ಮಾಡಿದ್ದೂ ಇದೇ ಜಾತಿಯ ಕೆಲಸ, ದಾರಿ ಬೇರೆ. ಜರ್ಮನರು 1938ರ ಸೆಪ್ಟೆಂಬರಿನಲ್ಲಿ ಕೀಲಿ ಕಳಿಸುವ ಪದ್ಧತಿ ಬದಲಿಸಿದರು, ಡಿಸೆಂಬರಿನಲ್ಲಿ ಇನ್ನೆರಡು ರೋಟರ್ ಸೇರಿಸಿದರು. 1939ರ ಜುಲೈಯಲ್ಲಿ ವಾರ್ಸಾ ಬಳಿಯ ಪಿರಿ ಕಾಡಿನಲ್ಲಿ ಪೋಲರು ತಮ್ಮ ವಿದ್ಯೆಯನ್ನೆಲ್ಲ ಬ್ರಿಟಿಷರಿಗೂ ಫ್ರೆಂಚರಿಗೂ ಒಪ್ಪಿಸಿದರು. ಎರಡು ಸಲ ಒತ್ತುವ ಪದ್ಧತಿ ಎಂದಾದರೂ ನಿಲ್ಲುತ್ತದೆ ಎಂದು ಟ್ಯೂರಿಂಗ್ ಮೊದಲೇ ಊಹಿಸಿದ್ದರು, 1940ರ ಮೇ ತಿಂಗಳಲ್ಲಿ ಅದು ನಿಂತೂಹೋಯಿತು. ಅವರು ಆಧಾರವಾಗಿ ಹಿಡಿದದ್ದು ಸಂದೇಶದಲ್ಲಿ ಇದ್ದೇ ಇರಬೇಕಾದ ಸಾಲನ್ನು: ಹವಾಮಾನ ವರದಿ, ಅಧಿಕಾರಿಗಳ ಪದವಿ, ದಿನವೂ ಬರುವ ಒಕ್ಕಣೆ. ಊಹಿಸಿದ ಸಾಲನ್ನು ಗೂಢಪಠ್ಯದ ಕೆಳಗೆ ಬರೆದರೆ ಮೇಲಿನ ಅಕ್ಷರಕ್ಕೂ ಕೆಳಗಿನ ಅಕ್ಷರಕ್ಕೂ ಕೊಂಡಿ ಬೀಳುತ್ತದೆ, ಕೆಲವು ಕೊಂಡಿಗಳು ಸುತ್ತಿ ಬಂದು ಕುಣಿಕೆಯಾಗುತ್ತವೆ. ರೋಟರ್‌ಗಳ ಒಂದು ಸ್ಥಾನವನ್ನು ಹಿಡಿದು, ಪ್ಲಗ್‌ಬೋರ್ಡಿನಲ್ಲಿ ‘ಎ’ ಅಕ್ಷರದ ಜೋಡಿ ‘ಪಿ’ ಎಂದು ಭಾವಿಸಿದರೆ, ಕೊಂಡಿಯ ಆಚೆಯ ಅಕ್ಷರದ ಜೋಡಿ ತಾನಾಗಿ ನಿಶ್ಚಯವಾಗುತ್ತದೆ, ಅದರಿಂದ ಮುಂದಿನದು. ಕುಣಿಕೆ ಸುತ್ತಿ ‘ಎ’ಗೆ ಮರಳಿದಾಗ ‘ಪಿ’ಯೇ ಬರಬೇಕು. ಬೇರೆ ಬಂದರೆ ಊಹೆ ಸುಳ್ಳು. ಆ ಊಹೆಯಿಂದ ಹುಟ್ಟಿದ ಉಳಿದ ಜೋಡಿಗಳೂ ಆ ಸ್ಥಾನಕ್ಕೆ ಸುಳ್ಳು. ಒಂದು ವಿರೋಧ ಸಿಕ್ಕರೆ ಊಹೆಗಳ ಒಂದು ಹಿಂಡೇ ಕಳಚಿ ಬೀಳುತ್ತದೆ. 1940ರ ಮಾರ್ಚಿನಲ್ಲಿ ಬ್ರಿಟಿಷರ ಗೂಢಲಿಪಿ ಭೇದನ ಕೇಂದ್ರವಾದ ಬ್ಲೆಚ್ಲಿ ಪಾರ್ಕಿಗೆ ಬಂದ ‘ಬಾಂಬ್’ ಎಂಬ ಯಂತ್ರ ಈ ತರ್ಕವನ್ನು ತಂತಿಗಳಲ್ಲಿ ಓಡಿಸಿತು. ಗಾರ್ಡನ್ ವೆಲ್ಶ್‌ಮನ್ ಅದಕ್ಕೆ ಸೇರಿಸಿದ ಕರ್ಣಫಲಕ, ‘ಎ’ಗೆ ‘ಪಿ’ ಜೋಡಿಯಾದರೆ ‘ಪಿ’ಗೂ ‘ಎ’ಯೇ ಜೋಡಿ ಎಂಬ ನಿಯಮವನ್ನು ಬಳಸಿ ವಿರೋಧಗಳನ್ನು ಇನ್ನೂ ಬೇಗ ಹೊರತಂದಿತು. ಹೀಗೆ ಯಂತ್ರ ನಿಜವಾಗಿ ದಾಟಬೇಕಾಗಿದ್ದದ್ದು 60 ಗುಣಿಸು 17,576, ಅಂದರೆ ಹತ್ತೂವರೆ ಲಕ್ಷ ಸ್ಥಾನಗಳನ್ನು ಮಾತ್ರ. ‘ಎಲ್ಲವನ್ನೂ ಪ್ರಯತ್ನಿಸಿತು’ ಎಂಬ ಕಥೆ ಇಲ್ಲಿ ಕುಸಿಯುತ್ತದೆ. ಬಾಂಬ್ ಕಂಪ್ಯೂಟರ್ ಆಗಿರಲಿಲ್ಲ, ಕೀಲಿಕೈಗಳನ್ನು ಎಣಿಸುವ ಯಂತ್ರವೂ ಆಗಿರಲಿಲ್ಲ. ಅದು ವಿರೋಧಗಳನ್ನು ಹುಡುಕುವ ಯಂತ್ರ.

ಹಾಗಾದರೆ ಎನಿಗ್ಮಾದ ದೌರ್ಬಲ್ಯಗಳು ಎಲ್ಲಿದ್ದವು? ಮೂರನ್ನು ಬೇರೆ ಬೇರೆಯಾಗಿ ಹೇಳಬಹುದು.

1. ಪ್ರತಿಫಲಕ. ಬರೆಯುವುದಕ್ಕೂ ಓದುವುದಕ್ಕೂ ಒಂದೇ ಜೋಡಣೆ ಸಾಕಾಗಲಿ ಎಂಬ ಅನುಕೂಲಕ್ಕಾಗಿ ಬಂದದ್ದು. ಅದರ ಫಲವಾಗಿ ಯಾವ ಅಕ್ಷರವೂ ತಾನೇ ಗೂಢಾಕ್ಷರವಾಗಿ ಬರಲಾರದು. ಊಹಿಸಿದ ಸಾಲು ಎಲ್ಲಿ ಕೂರಲಾರದು ಎಂದು ಬರಿಗಣ್ಣಿಗೇ ಗೊತ್ತಾಗುತ್ತಿತ್ತು. ಇಟಲಿಯ ನೌಕಾದಳದ ಒಂದು ಸಂದೇಶದಲ್ಲಿ ಒಂದೂ ‘ಎಲ್’ ಇಲ್ಲದ್ದನ್ನು ಬ್ಲೆಚ್ಲಿ ಪಾರ್ಕಿನ ಮೇವಿಸ್ ಲೀವರ್ ಗಮನಿಸಿದರು. ಯಾರೋ ಹುಸಿ ಸಂದೇಶಕ್ಕಾಗಿ ‘ಎಲ್’ ಗುಂಡಿಯನ್ನೇ ಒತ್ತುತ್ತ ಕೂತಿದ್ದರು. ಆ ಒಂದು ಕೊರತೆಯಿಂದ ರೋಟರ್ ಒಂದರ ತಂತಿಜೋಡಣೆಯೇ ಹೊರಬಿತ್ತು.

2. ಕ್ರಮಬದ್ಧ ಚಲನೆ. ಮುಂದಿನ ಅಕ್ಷರಕ್ಕೆ ರೋಟರ್ ಎಲ್ಲಿರುತ್ತದೆ ಎಂಬುದು ಮೊದಲೇ ಗೊತ್ತು. ಹಾಗಾಗಿ ಒಂದು ಸ್ಥಾನವನ್ನು ಊಹಿಸಿದರೆ ಮುಂದಿನ ಹತ್ತಿಪ್ಪತ್ತು ಅಕ್ಷರಗಳ ಸ್ಥಾನಗಳನ್ನೂ ಊಹಿಸಿದಂತೆಯೇ.

3. ಬೇರ್ಪಡುವ ಪ್ಲಗ್‌ಬೋರ್ಡ್. ಕೀಲಿಕೈಗಳ ಸಂಖ್ಯೆಯಲ್ಲಿ ಅತಿ ದೊಡ್ಡ ಪಾಲು ಅದರದು. ಆದರೆ ಸಂದೇಶ ಮುಗಿಯುವವರೆಗೆ ಅದು ಅಲುಗುತ್ತಿರಲಿಲ್ಲ, ರೋಟರ್‌ಗಳ ಚಲನೆಯೊಂದಿಗೆ ಬೆರೆಯುತ್ತಲೂ ಇರಲಿಲ್ಲ. ಎಣಿಕೆಯಲ್ಲಿ ಎಲ್ಲಕ್ಕಿಂತ ದೊಡ್ಡದಾದ ಭಾಗವೇ ಕಾವಲಿನಲ್ಲಿ ಎಲ್ಲಕ್ಕಿಂತ ಹಗುರವಾಗಿತ್ತು.

ನನ್ನ ಈ ವಾದಕ್ಕೆ ಮೂರು ಆಕ್ಷೇಪಗಳು ಬರಬಹುದು, ಮೂರೂ ಗಂಭೀರವಾದವು. ಮೊದಲನೆಯದು: ಗೆಲುವು ಗಣಿತದ್ದಲ್ಲ, ಕಳ್ಳತನದ್ದು. ಹಾನ್ಸ್ ಥಿಲೊ ಶ್ಮಿಟ್ ಎಂಬ ಜರ್ಮನ್ ನೌಕರ ಫ್ರೆಂಚರಿಗೆ ಮಾರಿದ ಕಾಗದಪತ್ರ ಇಲ್ಲದಿದ್ದರೆ ರೆಯೆವ್‌ಸ್ಕಿಗೆ ದಾರಿ ಕಾಣುತ್ತಿತ್ತೇ? 1941ರ ಮೇಯಲ್ಲಿ ಜರ್ಮನ್ ಜಲಾಂತರ್ಗಾಮಿ ಯು-110ರಿಂದ ಸಿಕ್ಕ ಪುಸ್ತಕಗಳಿಲ್ಲದೆ ನೌಕಾದಳದ ಎನಿಗ್ಮಾ ಅಷ್ಟು ಬೇಗ ಬಿಚ್ಚಿಕೊಳ್ಳುತ್ತಿತ್ತೇ? ಈ ನೆರವು ದೊಡ್ಡದು, ಅದನ್ನು ಕಡೆಗಣಿಸುವುದು ಅನ್ಯಾಯ. ಆದರೆ 1883ರಲ್ಲೇ ಗೂಢಲಿಪಿ ತಜ್ಞ ಆಗಸ್ಟ್ ಕೆರ್ಕ್‌ಹಾಫ್ಸ್ ಹೇಳಿದ್ದರು: ಯಂತ್ರ ಶತ್ರುವಿನ ಕೈಗೆ ಸಿಕ್ಕರೂ ಗುಟ್ಟು ಉಳಿಯುವಂತಿರಬೇಕು. ಯಂತ್ರದ ವಿವರ ಸಿಕ್ಕೊಡನೆ ಕುಸಿಯುವ ಭದ್ರತೆ ಭದ್ರತೆಯೇ ಅಲ್ಲ. ಕದಿಯದೆಯೂ ಬೀಗ ಮುರಿಯುತ್ತದೆ ಎಂಬುದಕ್ಕೆ ಜರ್ಮನರ ಇನ್ನೊಂದು ಗೂಢಲಿಪಿ ಯಂತ್ರವಾದ ಲೊರೆಂಜ್ ಸಾಕ್ಷಿ. ಹನ್ನೆರಡು ಚಕ್ರಗಳು, 501 ಮೊಳೆಗಳ ಈ ಯಂತ್ರವನ್ನು ಬ್ರಿಟಿಷರು ಕಣ್ಣಿಂದ ಕಂಡದ್ದು ಯುದ್ಧದ ಕೊನೆಯಲ್ಲಿ. ಆದರೆ 1941ರ ಆಗಸ್ಟಿನಲ್ಲಿ ಸುಮಾರು 4,000 ಅಕ್ಷರಗಳ ಸಂದೇಶವೊಂದನ್ನು ಒಬ್ಬ ಸೈನಿಕ ಅದೇ ಕೀಲಿಯಲ್ಲಿ, ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಎರಡು ಸಲ ಕಳಿಸಿದ. ಜಾನ್ ಟಿಲ್ಟ್‌ಮನ್ ಆ ಎರಡನ್ನೂ ಬಿಡಿಸಿದರು. ಬಿಲ್ ಟಟ್ ಅದರಿಂದ ಹೊರಬಿದ್ದ ಕೀಲಿಯ ಸಾಲಿನಲ್ಲಿ 41ರ ಆವರ್ತವನ್ನು ಹಿಡಿದು, ಕಾಣದ ಯಂತ್ರದ ಚಕ್ರಗಳನ್ನೆಲ್ಲ ತರ್ಕದಿಂದಲೇ ಮರುಕಟ್ಟಿದರು. ಮುಂದೆ ಅವರ ವಿಧಾನವೂ ಒಂದು ಗುಂಪಿನ ಚಕ್ರಗಳನ್ನು ಇನ್ನೊಂದರಿಂದ ಬಿಡಿಸಿಕೊಂಡು ಪರೀಕ್ಷಿಸುವುದೇ ಆಗಿತ್ತು. ಕೊಲೊಸಸ್ ಎಂಬ ಎಲೆಕ್ಟ್ರಾನಿಕ್ ಯಂತ್ರ 1944ರಲ್ಲಿ ಮಾಡಿದ್ದು ಆ ಪರೀಕ್ಷೆಗೆ ಬೇಕಾದ ಎಣಿಕೆಯನ್ನೇ.

ಎರಡನೆಯ ಆಕ್ಷೇಪ ಹೆಚ್ಚು ಬಲವಾದದ್ದು. 1942ರ ಫೆಬ್ರವರಿಯಲ್ಲಿ ಜರ್ಮನ್ ಜಲಾಂತರ್ಗಾಮಿಗಳು ನಾಲ್ಕು ರೋಟರ್‌ಗಳ ಎನಿಗ್ಮಾಕ್ಕೆ ಬದಲಾದವು; ಮುಂದಿನ ಹತ್ತು ತಿಂಗಳು ಬ್ಲೆಚ್ಲಿ ಪಾರ್ಕ್ ಅಟ್ಲಾಂಟಿಕದಲ್ಲಿ ಹೆಚ್ಚುಕಡಿಮೆ ಕುರುಡಾಯಿತು. ಕೀಲಿಕೈ ಹೆಚ್ಚಿದ್ದರಿಂದ ಭದ್ರತೆ ಹೆಚ್ಚಲಿಲ್ಲವೇ? ಹೆಚ್ಚಿತು, ಇದನ್ನು ಒಪ್ಪಲೇಬೇಕು. ಸ್ಥಾನಗಳು 26 ಪಟ್ಟಾದಾಗ ಇದ್ದ ಬಾಂಬ್‌ಗಳಿಗೆ ಕೆಲಸವೂ ಅಷ್ಟು ಪಟ್ಟಾಯಿತು. ಆದರೆ ಎರಡು ಸಂಗತಿಗಳನ್ನು ಗಮನಿಸಬೇಕು. ಇಲ್ಲಿ ಎಣಿಕೆಗೆ ಬಂದದ್ದು ಬೇರ್ಪಡಿಸಲಾಗದ ಭಾಗದ ಹೆಚ್ಚಳ. ಪ್ಲಗ್‌ಬೋರ್ಡಿನ ಲಕ್ಷ ಕೋಟಿಗಳು ಕೊಡದ ರಕ್ಷಣೆಯನ್ನು ಬರೀ 26 ಕೊಟ್ಟಿತು. ಇನ್ನೊಂದು, ಆ ಬಾಗಿಲೂ ತೆರೆದದ್ದು ರಚನೆಯ ದೋಷದಿಂದಲೇ. 1942ರ ಅಕ್ಟೋಬರ್ 30ರಂದು ಮುಳುಗುತ್ತಿದ್ದ ಜರ್ಮನ್ ಜಲಾಂತರ್ಗಾಮಿ ಯು-559ರೊಳಗೆ ಇಳಿದು ಹವಾಮಾನ ಸಂಕೇತದ ಪುಸ್ತಕವನ್ನು ಹೊರಗೆ ಸಾಗಿಸಿದ ಬ್ರಿಟಿಷ್ ನಾವಿಕರಾದ ಟೋನಿ ಫ್ಯಾಸನ್, ಕಾಲಿನ್ ಗ್ರೇಜಿಯರ್ ಅಲ್ಲೇ ಪ್ರಾಣ ಬಿಟ್ಟರು. ಹಳೆಯ ಯಂತ್ರಗಳೊಂದಿಗೆ ಹೊಂದಿಕೆಯಾಗಲೆಂದು ಹವಾಮಾನದ ಚುಟುಕು ಸಂದೇಶಗಳಲ್ಲಿ ನಾಲ್ಕನೇ ರೋಟರನ್ನು ತಟಸ್ಥ ಸ್ಥಾನದಲ್ಲಿ ಇರಿಸುತ್ತಿದ್ದರು. ಅಲ್ಲಿ ಯಂತ್ರ ಮತ್ತೆ ಮೂರು ರೋಟರ್‌ಗಳದ್ದೇ ಆಗುತ್ತಿತ್ತು. ಮೊದಲ ಮೂರು ಸ್ಥಾನ ತಿಳಿದ ಮೇಲೆ ನಾಲ್ಕನೆಯದಕ್ಕೆ ಉಳಿದದ್ದು 26 ಪ್ರಯತ್ನ. ಗುಣಾಕಾರ ಮತ್ತೆ ಕೂಡುಲೆಕ್ಕವಾಯಿತು.

ಮೂರನೆಯ ಆಕ್ಷೇಪ: ರೋಟರ್ ಯಂತ್ರಗಳೆಲ್ಲ ಮುರಿದವು ಎಂಬಂತೆ ನಾನು ಹೇಳುತ್ತಿದ್ದೇನೆ, ಅಮೆರಿಕದ ಸಿಗಾಬಾ ಮುರಿಯಲಿಲ್ಲವಲ್ಲ. ಇದು ನನ್ನ ವಾದಕ್ಕೆ ವಿರೋಧವಲ್ಲ, ಅದರ ಪುರಾವೆ. ಸಿಗಾಬಾದಲ್ಲಿ ಹದಿನೈದು ರೋಟರ್‌ಗಳಿದ್ದವು ನಿಜ. ಆದರೆ ಅವುಗಳಲ್ಲಿ ಹತ್ತರ ಕೆಲಸ ಉಳಿದ ಐದು ಯಾವಾಗ ತಿರುಗಬೇಕೆಂದು ತೀರ್ಮಾನಿಸುವುದು. ಚಲನೆ ಕ್ರಮಬದ್ಧವಾಗಿರಲಿಲ್ಲ, ಅಕ್ಷರ ತಾನೇ ಆಗಲಾರದೆಂಬ ನಿಯಮ ಹುಟ್ಟಿಸುವ ಪ್ರತಿಫಲಕವೂ ಇರಲಿಲ್ಲ. ಊಹೆಯ ಒಂದು ತುಂಡನ್ನು ಉಳಿದದ್ದರಿಂದ ಬಿಡಿಸಿ ಪರೀಕ್ಷಿಸಲು ಹಿಡಿಕೆಯೇ ಸಿಗದಂತೆ ಹೆಣೆದದ್ದೇ ಅದರ ಬಲ.

ಇದೆಲ್ಲ ಯುರೋಪಿನ ಸಂಗತಿ, ನಮಗೇನು ಎನ್ನುವವರು ನಮ್ಮ ಕಡಲನ್ನು ನೆನೆಯಬೇಕು. 1943ರಿಂದ ಜರ್ಮನ್ ಜಲಾಂತರ್ಗಾಮಿಗಳು ಪೆನಾಂಗನ್ನು ನೆಲೆ ಮಾಡಿಕೊಂಡು ಹಿಂದೂ ಮಹಾಸಾಗರದಲ್ಲೂ ಅರಬ್ಬೀ ಸಮುದ್ರದಲ್ಲೂ ಹಡಗುಗಳನ್ನು ಮುಳುಗಿಸುತ್ತಿದ್ದವು. ಅವಕ್ಕೆ ಇಂಧನ ಒದಗಿಸುತ್ತಿದ್ದ ‘ಶಾರ್ಲಟ್ ಶ್ಲೀಮನ್’ 1944ರ ಫೆಬ್ರವರಿಯಲ್ಲಿ, ‘ಬ್ರಾಕೆ’ ಮಾರ್ಚಿನಲ್ಲಿ ಮಾರಿಷಸ್ ಆಚೆಯ ಸಮುದ್ರದಲ್ಲಿ ಮುಳುಗಿದ್ದು ಬಿಡಿಸಿದ ಎನಿಗ್ಮಾ ಸಂದೇಶಗಳ ಆಧಾರದಿಂದ. ನೆಲದ ಮೇಲೆ, ದೆಹಲಿಯಲ್ಲಿದ್ದ ವೈರ್‌ಲೆಸ್ ಎಕ್ಸ್‌ಪೆರಿಮೆಂಟಲ್ ಸೆಂಟರ್ ಜಪಾನೀಯರ ಸಂದೇಶಗಳನ್ನು ಆಲಿಸಿ ಬಿಡಿಸುತ್ತಿತ್ತು. ಅದರ ಒಂದು ಉಪಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇತ್ತು, ಇನ್ನೊಂದು ಬಾರಕ್‌ಪುರದಲ್ಲಿ. 1943ರಲ್ಲಿ ವಿಲ್ಫ್ರಿಡ್ ನಾಯ್ಸ್ ಮತ್ತು ಮಾರಿಸ್ ಆ್ಯಲನ್ ದೆಹಲಿಯಲ್ಲಿ ಭೇದಿಸಿದ ಜಪಾನಿ ಸೈನ್ಯದ ಜಲಸಾರಿಗೆ ಸಂಕೇತ ರೋಟರ್ ಯಂತ್ರದ್ದಲ್ಲ, ಪುಸ್ತಕ ಮತ್ತು ಅಂಕಿಗಳದ್ದು. ಆದರೆ ಅದು ಬಿದ್ದದ್ದೂ ಅಂಕಿಗಳ ಗುಂಪಿನಲ್ಲಿ ಕೆಲವು ಸ್ಥಾನಗಳು ಇರಬೇಕಾದಷ್ಟು ಅಡ್ಡಾದಿಡ್ಡಿಯಾಗಿಲ್ಲ ಎಂಬುದು ಕಣ್ಣಿಗೆ ಬಿದ್ದದ್ದರಿಂದ. ಇನ್ನೂ ಹತ್ತಿರದ ಪಾಠ 2020ರ ಫೆಬ್ರವರಿಯಲ್ಲಿ ಬಂತು. ಗೂಢಲಿಪಿ ಯಂತ್ರಗಳನ್ನು ನೂರಕ್ಕೂ ಹೆಚ್ಚು ದೇಶಗಳಿಗೆ ಮಾರಿದ ಸ್ವಿಟ್ಜರ್ಲೆಂಡಿನ ಕ್ರಿಪ್ಟೊ ಎ.ಜಿ. ಕಂಪನಿಯನ್ನು ಅಮೆರಿಕ ಮತ್ತು ಪಶ್ಚಿಮ ಜರ್ಮನಿಯ ಗುಪ್ತಚರ ಸಂಸ್ಥೆಗಳು 1970ರಲ್ಲೇ ಗುಟ್ಟಾಗಿ ಕೊಂಡು, ಯಂತ್ರಗಳ ಒಳರಚನೆಯನ್ನು ತಮಗೆ ಬಿಡಿಸಲು ಅನುಕೂಲವಾಗುವಂತೆ ಸಡಿಲಗೊಳಿಸಿದ್ದವು ಎಂಬುದು ಬಯಲಾಯಿತು. ಗಿರಾಕಿಗಳ ಪಟ್ಟಿಯಲ್ಲಿ ಭಾರತವೂ ಇತ್ತು. ಮುಚ್ಚಿದ ಪೆಟ್ಟಿಗೆಯ ಮೇಲೆ ಬರೆದ ಸಂಖ್ಯೆಯನ್ನು ನಂಬುವ ದೇಶಕ್ಕೆ ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಬೇಕಾಗಿಲ್ಲ.

ಹಾಗಾದರೆ ಕೀಲಿಕೈಗಳ ಸಂಖ್ಯೆಗೆ ಬೆಲೆಯೇ ಇಲ್ಲವೇ? ಇದೆ, ಅದು ಅಗತ್ಯ. ಆದರೆ ಅದಷ್ಟೇ ಸಾಲದು. ಎರಡು ಆಧುನಿಕ ಉದಾಹರಣೆಗಳು ಇದನ್ನು ಖಚಿತಪಡಿಸುತ್ತವೆ. 1977ರಲ್ಲಿ ಅಮೆರಿಕದ ಮಾನಕವಾದ ಡಿ.ಇ.ಎಸ್. ಎಂಬ ವಿಧಾನಕ್ಕೆ 56 ಬಿಟ್ ಕೀಲಿಕೈ. ಸಾಧ್ಯತೆಗಳು ಸುಮಾರು 72,000 ಲಕ್ಷ ಕೋಟಿ. ಎನಿಗ್ಮಾದ ಕೀಲಿಕೈಗಳು ಅದಕ್ಕಿಂತ ಎರಡು ಸಾವಿರ ಪಟ್ಟು ಹೆಚ್ಚು. ಆದರೂ ಎನಿಗ್ಮಾ ವಿರೋಧಗಳನ್ನು ಹುಡುಕುವ ಯಂತ್ರಕ್ಕೆ ಬಿತ್ತು, ಡಿ.ಇ.ಎಸ್. ಬಿದ್ದದ್ದು ಇಪ್ಪತ್ತೊಂದು ವರ್ಷಗಳ ಬಳಿಕ, 1998ರಲ್ಲಿ, ಕೀಲಿಕೈಗಳನ್ನು ನಿಜವಾಗಿಯೂ ಒಂದೊಂದಾಗಿ ಹಾಕಿ ನೋಡಲೆಂದೇ ಕಟ್ಟಿದ ವಿಶೇಷ ಯಂತ್ರದ ಮುಂದೆ, ಎರಡು ದಿನ ಚಿಲ್ಲರೆಯಲ್ಲಿ. ಜನ ಎನಿಗ್ಮಾದ ಬಗ್ಗೆ ಹೇಳುವ ಕಥೆ ನಿಜವಾದದ್ದು ಡಿ.ಇ.ಎಸ್. ವಿಷಯದಲ್ಲಿ. ಇನ್ನೊಂದು ನಮ್ಮೆಲ್ಲರ ಜೇಬಿನಲ್ಲಿದೆ. ಎ.ಟಿ.ಎಂ. ಕಾರ್ಡಿನ ಪಿನ್ನಿಗೆ ಬರೀ 10,000 ಸಾಧ್ಯತೆಗಳು. ಆದರೂ ಅದು ಕೆಲಸ ಮಾಡುತ್ತದೆ, ಏಕೆಂದರೆ ಸಾಮಾನ್ಯವಾಗಿ ಮೂರು ಸಲ ತಪ್ಪಿದರೆ ಕಾರ್ಡ್ ಸ್ತಬ್ಧವಾಗುತ್ತದೆ, ಮೊದಲ ಅಂಕಿ ಸರಿಯಿತ್ತು ಎಂದು ಯಂತ್ರ ಹೇಳುವುದಿಲ್ಲ. ತಂತಿಯ ಮೂಲಕ ಹಣ ರವಾನಿಸುವ ಟಿ.ಟಿ.ಯ (ಟೆಲಿಗ್ರಾಫಿಕ್ ಟ್ರಾನ್ಸ್‌ಫರ್) ಕಾಲದಲ್ಲಿ ತಂತಿಯ ಪರೀಕ್ಷಾ ಸಂಖ್ಯೆಯನ್ನು ತಾಳೆ ನೋಡಿ ಹಣ ಪಾವತಿ ಮಾಡಿದ ನಮ್ಮೂರಿನ ನಿವೃತ್ತ ಬ್ಯಾಂಕ್ ನೌಕರರಿಗೆ ಇದು ಹೊಸ ಮಾತಲ್ಲ. ಆ ಸಂಖ್ಯೆಯ ಭದ್ರತೆ ಇದ್ದದ್ದು ಅದರ ಉದ್ದದಲ್ಲಿ ಅಲ್ಲ, ಸಂಕೇತದ ಪುಸ್ತಕ ಯಾರ ಸುಪರ್ದಿಯಲ್ಲಿದೆ ಎಂಬುದರಲ್ಲಿ, ತಪ್ಪು ತಂತಿ ಬಂದರೆ ಮರುಪ್ರಶ್ನೆ ಏಳುತ್ತದೆ ಎಂಬುದರಲ್ಲಿ.

ಆದ್ದರಿಂದ ‘ಎಷ್ಟು ಬಿಟ್?’ ಎಂಬ ಪ್ರಶ್ನೆಯ ಜೊತೆಗೆ ಇನ್ನು ಮೂರನ್ನು ಕೇಳುವ ಅಭ್ಯಾಸ ನಮಗೆ ಬೇಕು.

1. ತಪ್ಪು ಊಹೆಯಿಂದ ದಾಳಿಗಾರನಿಗೆ ಏನಾದರೂ ತಿಳಿಯುತ್ತದೆಯೇ? ತಿಳಿಯುವುದಾದರೆ ಘೋಷಿಸಿದ ಸಂಖ್ಯೆ ಹುಸಿ.

2. ರಚನೆಯನ್ನು ಬಹಿರಂಗವಾಗಿ ಇಟ್ಟು ಪರಿಣತರಿಂದ ಮುರಿಸಲು ಪ್ರಯತ್ನಿಸಿದ್ದಾರೆಯೇ? ಇಂದು ಬ್ಯಾಂಕುಗಳು ನೆಚ್ಚಿಕೊಂಡಿರುವ ಎ.ಇ.ಎಸ್. ವಿಧಾನ 1997ರಿಂದ 2000ದವರೆಗೆ ನಡೆದ ಮುಕ್ತ ಸ್ಪರ್ಧೆಯಲ್ಲಿ, ಎದುರಾಳಿಗಳ ಕಣ್ಣೆದುರಿಗೇ ಗೆದ್ದು 2001ರಲ್ಲಿ ಮಾನಕವಾಯಿತು. ಅದರ ಮೇಲಿನ ವಿಶ್ವಾಸಕ್ಕೆ ಕಾರಣ ಬಿಟ್‌ಗಳಿಗಿಂತ ಹೆಚ್ಚಾಗಿ ಆ ಪರೀಕ್ಷೆ.

3. ಬಳಸುವವರ ಅಭ್ಯಾಸಗಳನ್ನು ಲೆಕ್ಕಕ್ಕೆ ಹಿಡಿದಿದ್ದಾರೆಯೇ? ದಿನವೂ ಒಂದೇ ಒಕ್ಕಣೆಯಿಂದ ಹವಾಮಾನ ವರದಿ ಆರಂಭಿಸಿದ ಸೈನಿಕನಿಗೂ ಫೋನಿನಲ್ಲಿ ಒ.ಟಿ.ಪಿ. ಹೇಳಿಬಿಡುವ ಗ್ರಾಹಕನಿಗೂ ಬೈಯುವುದರಿಂದ ಪ್ರಯೋಜನವಿಲ್ಲ. ಆ ಅಭ್ಯಾಸ ಇದ್ದೇ ಇರುತ್ತದೆ ಎಂದುಕೊಂಡು ವ್ಯವಸ್ಥೆ ಕಟ್ಟಬೇಕು.

ಮಂಗಳೂರಿನ ಸುತ್ತ ಎಂಜಿನಿಯರಿಂಗ್ ಕಾಲೇಜುಗಳು ಬೇಕಾದಷ್ಟಿವೆ, ಗೂಢಲಿಪಿಶಾಸ್ತ್ರವನ್ನು ಕಲಿಸುವ ತರಗತಿಗಳೂ ಇವೆ. ಅಲ್ಲಿ ಬೀಗ ಕಟ್ಟುವುದನ್ನು ಹೇಳಿಕೊಡುವ ಮೊದಲು ಮುರಿಯುವುದನ್ನು ಕಲಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ರೆಯೆವ್‌ಸ್ಕಿಯ ಸರಪಣಿಗಳನ್ನು ಕಾಗದದ ಮೇಲೆ ಬಿಡಿಸಲು ಪ್ರಯೋಗಾಲಯವೂ ಬೇಡ, ದುಬಾರಿ ಯಂತ್ರವೂ ಬೇಡ. ಒಮ್ಮೆ ತನ್ನ ಕೈಯಾರೆ 150 ಲಕ್ಷ ಕೋಟಿ ಸಾಧ್ಯತೆಗಳು ಒಂದು ಪ್ರಮೇಯದ ಮುಂದೆ ಕರಗಿದ್ದನ್ನು ಕಂಡ ವಿದ್ಯಾರ್ಥಿ, ಮುಂದೆ ಯಾವ ಬ್ಯಾಂಕಿಗೆ ಹೋದರೂ ಯಾವ ಸರ್ಕಾರಿ ಇಲಾಖೆಗೆ ಯಂತ್ರ ಖರೀದಿಸಿದರೂ, ಮಾರುವವನು ಹೇಳುವ ಸಂಖ್ಯೆಗೆ ಬೆರಗಾಗುವುದಿಲ್ಲ. ರಚನೆಯನ್ನು ತೋರಿಸಿ ಎಂದು ಕೇಳುತ್ತಾನೆ. ಹಾಗೆ ಕೇಳುವವರ ಸಂಖ್ಯೆ ನಮ್ಮಲ್ಲಿ ಹೆಚ್ಚಿದಷ್ಟೇ ನಮ್ಮ ಗುಟ್ಟುಗಳು ಭದ್ರ.